ಗಾಳ ಹಾಕುವವನು ಸೋಮಾರಿಯೇ?

ಈ ತಲೆಬರಹವನ್ನು ಓದಿ ಕೆಲವು ಮಿತ್ರರು ನಗಬಹುದು. ವಾರ್ಷಿಕ ಸಂಚಿಕೆಗೆ ಬರೆಯಲು ಈ ಹುಡುಗನಿಗೆ ಬೇರೆ ವಿಷಯವೇ ಸಿಗಲಿಲ್ಲವೇ ಎಂದು ಅಧ್ಯಾಪಕರಲ್ಲಿ ಒಬ್ಬಿಬ್ಬರು ಹುಬ್ಬೇರಿಸಲೂಬಹುದು. ಪ್ರಜಾಪ್ರಭುತ್ವ, ವಿದ್ಯಾರ್ಥಿಯ ಕರ್ತವ್ಯ, ನವ್ಯಕಾವ್ಯ ಮೊದಲಾದವುಗಳ ಮೇಲೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಕಾಲೇಜಿನಲ್ಲಿ ಬಹಳ ಮಂದಿ ಇದ್ದಾರೆ. ನಾನು ಬಲ್ಲುದು ನಾಲೆಯ ದಡವನ್ನು. ಮಾಗಿಯ ಚಳಿಯಲ್ಲಿ ಅಲ್ಲಿ ಗಾಳ ಹಿಡಿದು ಕೂತವನನ್ನು ದಾರಿಹೋಕರು ಸೋಮಾರಿಯೆನ್ನುತ್ತಾರೆ. ಆ ಮಾತು ತಪ್ಪು ಎಂಬುದೇ ನನ್ನ ವಾದ. ವಾದಕ್ಕೆ ಕಾರಣವಾದ ಘಟನೆಯೊಂದುಂಟು. ಅದನ್ನು ಮೊದಲೇ ಹೇಳಿಬಿಡುವುದು ಮೇಲು.

ಕಳೆದ ವರ್ಷ ಧನುರ್ಮಾಸದಲ್ಲಿ ನಮ್ಮ ತರಗತಿಯವರು ಮೇಲುಕೋಟೆಗೆ ಪ್ರವಾಸ ಹೋದೆವು. ಪಾಂಡವಪುರದ ಕಡೆ ಒಂದು ನಾಲೆಯ ಸೇತುವೆಯ ಮೇಲೆ ಎದುರಿಗೆ ಕಬ್ಬಿನ ಗಾಡಿ ಬಂದು ಬಸ್ಸು ನಿಂತಿತು. ಕೆಳಗೆ ದಡದಲ್ಲಿ ತಲೆಗೆ ವಸ್ತ್ರ ಸುತ್ತಿ, ಕಂಬಳಿ ಹೊದ್ದು, ಕುಕ್ಕರುಗಾಲಿನಲ್ಲಿ ಒಬ್ಬಾತ ಗಾಳ ಹಿಡಿದು ಕೂತಿದ್ದ. ಕಿಟಕಿಯ ಪಕ್ಕದ ಗೆಳೆಯ, "ನೋಡ್ರೋ, ನಮ್ಮ ದೇಶ ಮುಂದೆ ಬರದೆ ಇರೋದಕ್ಕೆ ಇದೇ ಕಾರಣ. ಹೊತ್ತು ಏರಿದರೂ ಮೀನು ಕಾಯ್ತಾ ಕೂತವನೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಲ್ಲಿ ಕೂತಿದ್ದವರು ನನ್ನ ತಂದೆ.

ಅವರು ತಲೆಯೆತ್ತಿ ಬಸ್ಸಿನ ಕಡೆ ನೋಡಿದ್ದು ನಿಜ. ನನ್ನನ್ನು ಕಂಡರೋ ಇಲ್ಲವೋ ಇಂದಿಗೂ ತಿಳಿಯದು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಗೆಳೆಯನ ಮೇಲೆ ನನಗೆ ಕೋಪವಿಲ್ಲ, ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹತ್ತಿದವನು ಕಲಿತ ಮೊದಲ ಪಾಠ ಈ ನಗುವಾಯಿತಲ್ಲ ಎಂಬ ಕೊರಗು ಬಹಳ ದಿನ ನನ್ನನ್ನು ಬಿಡಲಿಲ್ಲ.

ಇದಾದ ಕೆಲವು ತಿಂಗಳಿಗೆ ಕಾಲೇಜಿನ ಪುಸ್ತಕಭಂಡಾರದಲ್ಲಿ ಇಂಗ್ಲೆಂಡಿನ ಮೀನು ಬೇಟೆಯ ವಿಷಯವಾದ ಒಂದು ಹಳೆಯ ಪುಸ್ತಕ ಕೈಗೆ ಸಿಕ್ಕಿತು. ಅದರಲ್ಲಿ ನನ್ನ ಗಮನ ಸೆಳೆದುದು 'ಕೋರ್ಸ್ ಫಿಶ್' ಎಂಬ ಮಾತು. ಕನ್ನಡದಲ್ಲಿ ಹೇಳುವುದಾದರೆ ಒರಟು ಮೀನು. ಆ ದೇಶದಲ್ಲಿ ಸಿಹಿನೀರಿನ ಮೀನುಗಳಲ್ಲಿ ಎರಡು ಪಂಗಡ. ಸಾಮನ್, ಟ್ರೌಟ್ ಮೊದಲಾದವು ಬೇಟೆಗೆ ಯೋಗ್ಯವಾದ ಗಣ್ಯ ಮೀನುಗಳು. ರೋಚ್, ಪರ್ಚ್, ಬ್ರೀಮ್, ಚಬ್, ಪೈಕ್ ಮೊದಲಾದ ಉಳಿದವೆಲ್ಲ ಒರಟು ಮೀನುಗಳು. ಮೀನಿಗೆ ಈ ಭೇದ ತಿಳಿಯದು. ಅದು ದಡದಲ್ಲಿ ಕೂತವರ ಭೇದ. ಟ್ರೌಟ್ ಇರುವ ತಿಳಿನೀರಿನ ಹೊಳೆಗಳು ಬಹುಮಟ್ಟಿಗೆ ಜಮೀನುದಾರರ ಸ್ವತ್ತು. ಗಿರಣಿಯ ಆಳುಗಳಿಗೂ ಗಣಿಯ ಕೂಲಿಗಳಿಗೂ ದಕ್ಕಿದ್ದು ಊರ ಪಕ್ಕದ ಸಣ್ಣ ಹೊಳೆ ಮತ್ತು ನಾಲೆ. 1761ರಲ್ಲಿ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ಸಾಗಿಸಲು ಬ್ರಿಜ್‌ವಾಟರ್ ನಾಲೆ ತೆರೆಯಿತು. ಅದರ ಬೆನ್ನಿಗೆ ದೇಶದ ತುಂಬ ನಾಲೆಗಳಾದವು. ಮುಂದೆ ರೈಲು ಬಂದು ದೋಣಿಗಳ ವ್ಯಾಪಾರ ಕುಗ್ಗಿತು; ನೀರು ಉಳಿಯಿತು, ಮೀನು ಉಳಿಯಿತು, ಭಾನುವಾರದ ರಜೆಯಲ್ಲಿ ಗಾಳ ಹಿಡಿದು ಬರುವ ಕೂಲಿಕಾರನೂ ಉಳಿದ.

ಕಾಯಿದೆಯೂ ಈ ಭೇದವನ್ನು ಮಾಡಿತ್ತು. ಸಾಮನ್ ಮೀನಿನ ರಕ್ಷಣೆಗೆ ಅಲ್ಲಿ 1861ರಲ್ಲಿಯೇ ಶಾಸನವಾಯಿತು. ಒರಟು ಮೀನಿನ ಪಾಡು ಕೇಳುವವರಿರಲಿಲ್ಲ. ಕೊನೆಗೆ 1878ರಲ್ಲಿ, ಉಕ್ಕಿನ ಕೆಲಸಗಾರರ ಊರಾದ ಷೆಫೀಲ್ಡಿನಿಂದ ಪಾರ್ಲಿಮೆಂಟಿಗೆ ಆರಿಸಿಹೋದ ಮಂಡೆಲ್ಲಾ ಎಂಬವರು ಅವಕ್ಕೂ ಒಂದು ಶಾಸನ ತಂದರು: ಮೊಟ್ಟೆಯಿಡುವ ಕಾಲದಲ್ಲಿ, ಮಾರ್ಚಿ 15ರಿಂದ ಜೂನ್ 15ರವರೆಗೆ, ಗಾಳ ಹಾಕಕೂಡದು. ಅಲ್ಲಿನ ನದಿಗಳಲ್ಲಿ ಈ ಕಟ್ಟಳೆ ಇಂದಿಗೂ ಉಂಟು. ಆದ್ದರಿಂದ ಹೊಳೆಯ ಬೇಟೆಗಾರನಿಗೆ ಚಳಿಗಾಲವೆಂದರೆ ಋತುವಿನ ಕೊನೆಯ ತಿಂಗಳುಗಳು. ಹಿಮ ಬಿದ್ದರೂ ಅವನು ದಡಕ್ಕೆ ಬರುವನು.

ಆ ಪುಸ್ತಕದಲ್ಲಿ ಚಳಿಗಾಲದ ಅಧ್ಯಾಯವನ್ನು ಓದುವಾಗ ನಾನು ಬೆರಗಾದೆ. ಮೀನಿನ ಮೈಯ ಬಿಸಿ ನೀರಿನ ಬಿಸಿಯನ್ನು ಅನುಸರಿಸುವುದು. ನೀರು ತಣ್ಣಗಾದಂತೆ ಅದರ ಅರಗುವ ಶಕ್ತಿ ಕುಗ್ಗಿ, ಹಸಿವೂ ಓಡಾಟವೂ ಕಡಿಮೆಯಾಗುವುವು. ನೀರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಭಾರವಾಗಿರುವುದರಿಂದ, ಮೇಲೆ ಮಂಜುಗಡ್ಡೆ ಕಟ್ಟುವ ಚಳಿಯಲ್ಲಿ ತಳದ ನೀರೇ ಬೆಚ್ಚಗೆ. ಮೀನೆಲ್ಲ ಆಳಕ್ಕೆ ಇಳಿಯುವುವು. ಆದುದರಿಂದ ಚಳಿಯಲ್ಲಿ ಗಾಳ ಚಿಕ್ಕದಿರಬೇಕು, ದಾರ ಸಣ್ಣದಿರಬೇಕು, ಎರೆ ಅತ್ಯಲ್ಪವಿರಬೇಕು. ಬಿಸಿಲು ನೀರಿಗೆ ತಗುಲುವ ಹೊತ್ತನ್ನು ಕಾಯಬೇಕು. ಇಷ್ಟು ಆ ಅಧ್ಯಾಯದ ಸಾರ.

ಬೆರಗಾದುದಕ್ಕೆ ಕಾರಣ ಇದು: ಹಿಮವಿಲ್ಲದ ಮಂಡ್ಯದ ಸೀಮೆಯಲ್ಲಿ ಇದೇ ಮಾತನ್ನು ಅಪ್ಪ ನನಗೆ ಹತ್ತು ವರ್ಷದವನಿದ್ದಾಗಲೇ ಹೇಳಿದ್ದರು. ಅಂದು ನಾನು ಇಡೀ ಎರೆಹುಳುವನ್ನು ಗಾಳಕ್ಕೆ ಚುಚ್ಚಿದ್ದೆ. ಅವರು ಅದನ್ನು ಬಿಡಿಸಿ, ಜೋಳದ ಕಾಳಿನಷ್ಟು ಮಾತ್ರ ಉಳಿಸಿ, "ಚಳೀಲಿ ಮೀನ್ಗೂ ಹೊಟ್ಟೆ ಮಂದ ಕನ ಮಗ. ದೊಡ್ಡ ತುತ್ತು ಇಕ್ಕಿದ್ರೆ ಮೂಸೂ ನೋಡಕಿಲ್ಲ" ಎಂದರು.

ನಮ್ಮ ನಾಲೆ ಕೃಷ್ಣರಾಜಸಾಗರದಿಂದ ಬರುವುದು. ಮೊದಲು ಇರ್ವಿನ್ ನಾಲೆಯೆಂದು ಕರೆದು, ಅನಂತರ ವಿಶ್ವೇಶ್ವರಯ್ಯನವರ ಹೆಸರಿಟ್ಟರು. ಮುಂಗಾರಿನ ಬತ್ತ ಕೊಯ್ಲಿಗೆ ಬಂದಾಗ ನಾಲೆಗೆ ನೀರು ತಗ್ಗಿಸುವರು, ಇಲ್ಲವೇ ನಿಲ್ಲಿಸುವರು. ಆಗ ತೂಬಿನ ಕೆಳಗೂ ಸೇತುವೆಯ ಬುಡದಲ್ಲೂ ಇರುವ ಗುಂಡಿಗಳಲ್ಲಿ ಮೀನು ಸೇರಿಕೊಳ್ಳುವುದು. ಯಾವ ಗುಂಡಿಯಲ್ಲಿ ಗೆಂಡೆ, ಯಾವ ಕಲ್ಲಿನ ಸಂದಿಯಲ್ಲಿ ಹಾವುಮೀನು, ಯಾವ ಜೊಂಡಿನಲ್ಲಿ ಕೊರವ ಎಂಬುದು ಅಪ್ಪನಿಗೆ ಬಾಯಿಪಾಠ. ನಾಲೆ ಪೂರ್ತಿ ಒಣಗಿದರೆ ಲೋಕಪಾವನಿಯ ಮಡುವಿಗೆ ನಡೆದು ಹೋಗುವರು. ಅವರ ಬೆಂಡು ನವಿಲು ಉದುರಿಸಿದ ಗರಿಯ ದಂಟು. ಇಂಗ್ಲೆಂಡಿನವರೂ ನವಿಲುಗರಿಯ ದಂಟಿನಿಂದ ಬೆಂಡು ಮಾಡುವರೆಂದು ಪುಸ್ತಕದಲ್ಲಿ ಓದಿ ಅವರಿಗೆ ಹೇಳಿದೆ. "ಅವ್ರಿಗೆ ನವಿಲು ಎಲ್ಲಿಂದ ಬಂತು?" ಎಂದಷ್ಟೇ ಕೇಳಿದರು.

ಚಳಿಗಾಲದಲ್ಲಿ ಮೀನು ಕಚ್ಚಿದರೆ ಬೆಂಡು ಮುಳುಗುವುದಿಲ್ಲ, ಅಕ್ಕಿಕಾಳಿನಷ್ಟು ಅದುರುವುದು. ಆ ಅದುರನ್ನು ಗಾಳಿಯ ಅದುರಿನಿಂದ ಬೇರ್ಪಡಿಸಿ ನೋಡಬೇಕು. ಒಂದು ಗಂಟೆ ಹಾಗೆ ನೋಡಿ ಬಲ್ಲವರು ಸೋಮಾರಿತನ ಎಂಬ ಶಬ್ದವನ್ನು ಬಳಸಲಾರರು. ಪರೀಕ್ಷೆಯ ಹಿಂದಿನ ರಾತ್ರಿ ಕೂಡ ನನಗೆ ಅಷ್ಟು ಏಕಾಗ್ರತೆ ಬಂದುದಿಲ್ಲ.

ಇನ್ನು ಎದುರುವಾದಗಳನ್ನು ನೋಡೋಣ.

ದುಡಿಯುವ ಹೊತ್ತಿನಲ್ಲಿ ಮೀನು ಹಿಡಿಯುತ್ತ ಕೂರುವುದು ಕಾಲಹರಣವಲ್ಲವೇ ಎಂಬುದು ಮೊದಲನೆಯದು. ನಾಟಿಯಿಂದ ಕೊಯ್ಲಿನವರೆಗೆ ಅಪ್ಪ ಗದ್ದೆಯಲ್ಲಿರುವರು. ನೀರಿನ ಸರದಿ ನಡುರಾತ್ರಿಯಲ್ಲಿ ಬಂದರೆ ನಡುರಾತ್ರಿಯಲ್ಲಿಯೇ ಗುದ್ದಲಿ ಹಿಡಿದು ಹೋಗುವರು. ಒಕ್ಕಣೆ ಮುಗಿದು ಕೂಲಿಯೂ ಕರೆಯದ ಕೆಲವು ಬೆಳಗುಗಳಷ್ಟೇ ಅವರ ಬಿಡುವು. ಬಸ್ಸಿನ ಕಿಟಕಿಯಿಂದ ಕಂಡದ್ದು ಅಂಥ ಒಂದು ಬೆಳಗು. ಒಂದು ಬೆಳಗನ್ನು ನೋಡಿ ವರ್ಷಕ್ಕೆ ತೀರ್ಪು ಕೊಡುವುದು ವಿದ್ಯಾವಂತರ ಲಕ್ಷಣವಲ್ಲ. ಅಲ್ಲದೆ ಆ ದಿನ ಪ್ರವಾಸ ಹೊರಟಿದ್ದ ನಾವು ಯಾವ ಘನಕಾರ್ಯದಲ್ಲಿದ್ದೆವು?

ಇದು ಹಿಂಸೆಯಲ್ಲವೇ ಎಂಬುದು ಎರಡನೆಯದು. ಮಾಂಸವನ್ನೇ ಮುಟ್ಟದವರು ಹೀಗೆ ಕೇಳಿದರೆ ನಾನು ತಲೆಬಾಗುವೆ, ಅವರೊಡನೆ ವಾದಕ್ಕಿಳಿಯಲಾರೆ. ಗಾಳ ಮೀನಿಗೆ ನೋವು ಕೊಡುವುದೆಂಬುದನ್ನು ಮುಚ್ಚಿಡುವುದೂ ಸಲ್ಲದು. ಆದರೆ ಮೀನಿನ ಸಾರನ್ನು ಚಪ್ಪರಿಸಿ ಉಂಡು, ಹಿಡಿದವನನ್ನು ಕೀಳೆನ್ನುವವರ ಅಹಿಂಸೆ ನನಗೆ ಅರ್ಥವಾಗದು.

ಮೂರನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಸಲು, ಗೆಂಡೆ, ಜಿಲೇಬಿ ಹಿಡಿಯುವುದು ಬಡವರ ಕಸುಬು ಎಂಬ ಭಾವನೆ ಅದು. ಇದೇ ಕೈ, ಇದೇ ಗಾಳ, ಕಾವೇರಿಯ ಮಹಶೀರಿಗೆ ಬಿದ್ದರೆ ಅದು ಕ್ರೀಡೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದುದು ದಾಖಲೆಯಾಗಿ ನಿಂತಿದೆ. ಆ ಸಾಹಸಕ್ಕೆ ನನ್ನ ಗೌರವವೂ ಉಂಟು. ಆದರೆ ಅಷ್ಟು ಮನ್ನಣೆ ಪಡೆದ ಆ ಜಾತಿಯ ಗತಿಯೇನಾಯಿತು? ಕಾವೇರಿಯ ಡುಬ್ಬದ ಮಹಶೀರನ್ನು 2018ರಲ್ಲಿ ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ದೊಡ್ಡ ಮೀನನ್ನು ಹೊಗಳಿ ಹೊಳೆಯನ್ನು ಮರೆತರೆ ದೊಡ್ಡ ಮೀನೂ ಉಳಿಯದು.

ನಾಲೆಗೆ ಸಿಡಿಮದ್ದು ಎಸೆಯುವವನನ್ನು ಯಾರೂ ಸೋಮಾರಿಯೆನ್ನುವುದಿಲ್ಲ. ಐದು ನಿಮಿಷದಲ್ಲಿ ಅವನ ಬುಟ್ಟಿ ತುಂಬುವುದು; ಮರಿ, ಮೊಟ್ಟೆ, ಕಪ್ಪೆ ಎಲ್ಲವೂ ಸತ್ತು ತೇಲುವುವು. ಮೀನಿಗೆ ಸಿಡಿಮದ್ದು, ವಿಷ ಹಾಕುವುದನ್ನು 1897ರಷ್ಟು ಹಿಂದೆಯೇ ಕಾಯಿದೆ ನಿಷೇಧಿಸಿತು. ಕಾಯಿದೆ ಓದಲು ಬಾರದ ಅಪ್ಪ ಅದನ್ನು ಪಾಲಿಸುತ್ತ ಬಂದವರು. ಮುಂಗಾರಿನ ಹೊಸ ನೀರಿಗೆ ಗೆಂಡೆಗಳು ಮೊಟ್ಟೆಯಿಡಲು ಏರುವಾಗ ಅವರು ಗಾಳವನ್ನು ಸೂರಿಗೆ ಸಿಕ್ಕಿಸಿಬಿಡುವರು. ಬೆರಳುದ್ದದ ಮರಿ ಸಿಕ್ಕಿದರೆ ಬಿಡಿಸಿ ನೀರಿಗೆ ಹಾಕುವರು. ಗಾಳ ಒಂದು ಸಲಕ್ಕೆ ಒಂದೇ ಮೀನು ಕೇಳುವುದು; ಬಾರದಿದ್ದರೆ ಬರಿಗೈಯಲ್ಲಿ ಮನೆಗೆ ಹೋಗೆನ್ನುವುದು. ಬೇಗ ಸಂಪಾದಿಸಿದವನನ್ನು ಚುರುಕೆಂದೂ, ಕಾದು ಪಡೆಯುವವನನ್ನು ಸೋಮಾರಿಯೆಂದೂ ಕರೆಯುವ ನಮ್ಮ ಅಳತೆಗೋಲೇ ತಪ್ಪಾಗಿದೆ. ಈ ಮಾತು ಮೀನಿಗೆ ಮಾತ್ರ ಸಲ್ಲುವುದೆಂದು ನಾನು ತಿಳಿದಿಲ್ಲ.

ಐಸಾಕ್ ವಾಲ್ಟನ್ 1653ರಲ್ಲಿ ಮೀನು ಬೇಟೆಯ ಮೇಲೆ ಬರೆದ ಗ್ರಂಥ ಇಂಗ್ಲಿಷ್ ಸಾಹಿತ್ಯದ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ. ಆತ ವಿದ್ವಾಂಸನಲ್ಲ, ಲಂಡನ್ನಿನ ಬಟ್ಟೆಯ ವ್ಯಾಪಾರಿ. ಎಲ್ಲರೂ ರುಚಿಯಿಲ್ಲವೆಂದು ತಳ್ಳುವ ಚಬ್ ಮೀನನ್ನು ಸರಿಯಾಗಿ ಅಡುಗೆ ಮಾಡಿದರೆ ಎಷ್ಟು ಸೊಗಸೆಂಬುದನ್ನು ಅದರಲ್ಲಿ ಆತ ತೋರಿಸಿಕೊಟ್ಟಿದ್ದಾನೆ. ಆ ನಾಡಿನವರು ತಮ್ಮ ದಡದ ತಿಳಿವಳಿಕೆಯನ್ನು ಬರೆದಿಟ್ಟರು. ಆದುದರಿಂದ ಅದು ಸಮುದ್ರ ದಾಟಿ ನಮ್ಮ ಪುಸ್ತಕಭಂಡಾರಕ್ಕೂ ಬಂದಿತು. ನಮ್ಮ ದಡದ ತಿಳಿವಳಿಕೆ ಅಪ್ಪನಂಥವರ ಕೈಯಲ್ಲಿದೆ. ಅವರ ಮಕ್ಕಳಾದ ನಾವು ಅದನ್ನು ಕಂಡು ನಗುವುದಾದರೆ ಅದು ಅವರೊಡನೆಯೇ ಹೋಗುವುದು. ನಮ್ಮಲ್ಲಿ ಮನೆಗೆ ಮೊದಲ ಪದವೀಧರರಾಗುವವರು ನಾನೊಬ್ಬನೇ ಅಲ್ಲ. ಒಬ್ಬೊಬ್ಬರ ಮನೆಯಲ್ಲೂ ಇಂಥದೊಂದು ವಿದ್ಯೆ ಇದ್ದೀತು: ಮಗ್ಗ, ಕುಲುಮೆ, ಆಲೆಮನೆಯ ಹದ, ಗಾಳ. ರಜೆಗೆ ಹೋದಾಗ ಅದನ್ನು ಕೇಳಿ ಬರೆದಿಟ್ಟುಕೊಳ್ಳಿ ಎಂಬುದು ನನ್ನ ವಿನಂತಿ. ಪದವಿ ನಮಗೆ ಬರುವ ಹೊತ್ತಿಗೆ ಅದು ಕೈಬಿಟ್ಟು ಹೋಗದಿರಲಿ.

ಬಸ್ಸಿನಲ್ಲಿ ನಾನು ನಕ್ಕ ನಗುವನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ಈ ವರ್ಷ ಸಂಕ್ರಾಂತಿಯ ರಜೆಯಲ್ಲಿ ಮಾತ್ರ ಎರಡು ಬೆಳಗು ಅಪ್ಪನ ಪಕ್ಕದಲ್ಲಿ ಕೂತೆ. ಮೊದಲ ದಿನ ಏನೂ ಸಿಗಲಿಲ್ಲ. ಎರಡನೆಯ ದಿನ ಅಂಗೈಯಗಲದ ಎರಡು ಗೆಂಡೆ ಅವರಿಗೆ, ಒಂದು ಜಿಲೇಬಿ ನನಗೆ. ಸೇತುವೆಯ ಮೇಲೆ ಒಂದು ಬಸ್ಸು ಹಾದುಹೋಯಿತು. ಕಿಟಕಿಯಲ್ಲಿ ಕೆಲವು ತಲೆಗಳು ನಮ್ಮ ಕಡೆ ತಿರುಗಿದುವು. ನಾನು ಬಗ್ಗಲಿಲ್ಲ. ಅಪ್ಪ ಬೆಂಡಿನಿಂದ ಕಣ್ಣು ತೆಗೆಯದೆ, "ಕೋಲು ಅಲ್ಲಾಡಿಸಬ್ಯಾಡ ಮಗ" ಎಂದರು.