ರಕ್ತ ತೆಳುವಾಗಿಸುವ ಗುಳಿಗೆಯೂ ಅರ್ಧ ದಿನದ ರಜೆಯೂ

ಬುಟಿಬೋರಿಯ ಹೋಟೆಲುಗಳಲ್ಲಿಯೂ ಕಾರ್ಖಾನೆಗಳ ಕಛೇರಿಗಳಲ್ಲಿಯೂ ದುಡಿಯುವ ನಮ್ಮ ಕನ್ನಡ ಬಂಧುಗಳಲ್ಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು ನಿತ್ಯವೂ ಸೇವಿಸುವವರಿದ್ದಾರೆ. ಹೃದಯದ ಕವಾಟ ಬದಲಾಯಿಸಿಕೊಂಡವರು, ಎದೆಬಡಿತದ ತಾಳ ತಪ್ಪಿದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರು, ಇವರಿಗೆಲ್ಲ ಆಸ್ಪತ್ರೆಯ ಹೊರರೋಗಿ ವಿಭಾಗದ ಚೀಟಿಯೇ ಜೀವಾಧಾರ. ಆದರೆ ಆ ಚೀಟಿಯ ಅರ್ಧವಷ್ಟೇ ಪಾಲನೆಯಾಗುತ್ತಿದೆ. ಗುಳಿಗೆಯನ್ನು ಕೊಳ್ಳುತ್ತಾರೆ, ರಕ್ತಪರೀಕ್ಷೆಯನ್ನು ಮುಂದೂಡುತ್ತಾರೆ.

ಇದು ಸಾಮಾನ್ಯ ಗುಳಿಗೆಯಲ್ಲ. ಇಲಿಪಾಷಾಣವಾಗಿ ಮಾರಾಟಕ್ಕೆ ಬಂದ ವಾರ್ಫರಿನ್ 1954ರಲ್ಲಿ ಮನುಷ್ಯರ ಔಷಧವಾಯಿತು. ನಮ್ಮ ದೇಶದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಅಸಿನೋಕೌಮರಾಲ್ ಅದರ ದಾಯಾದಿ. ಇವುಗಳ ಪ್ರಭಾವ ಮಿತಿಮೀರಿದರೆ ರಕ್ತಸ್ರಾವ, ತಗ್ಗಿದರೆ ಪಾರ್ಶ್ವವಾಯು. ಐ.ಎನ್.ಆರ್. ಎಂಬ ಪರೀಕ್ಷೆಯ ಅಂಕ ಬಹುಪಾಲು ರೋಗಿಗಳಲ್ಲಿ 2ರಿಂದ 3ರೊಳಗೆ ಇರಬೇಕು. ಕೆಲವು ಕೃತಕ ಕವಾಟಗಳಿಗೆ ತುಸು ಹೆಚ್ಚು.

ಈ ಪರೀಕ್ಷೆಯ ಅಗತ್ಯವಿಲ್ಲದ ಅಪಿಕ್ಸಬಾನ್, ರಿವರಾಕ್ಸಬಾನ್ ಮೊದಲಾದ ಹೊಸ ಔಷಧಗಳೂ ಈಗ ಚೀಟಿಗಳಲ್ಲಿ ಕಾಣುತ್ತಿವೆ. 'ನನಗೂ ಅದನ್ನೇ ಕೊಡಿ' ಎಂದು ಕೇಳುವುದು ಸಹಜ. ಆದರೆ ಲೋಹದ ಕವಾಟವುಳ್ಳವರಿಗೆ ಅವು ಸಲ್ಲವು. ರುಮ್ಯಾಟಿಕ್ ಜ್ವರದಿಂದ ಹೃದಯ ಕೆಟ್ಟು ಎದೆಬಡಿತ ತಪ್ಪಿದವರಲ್ಲಿ, ರಿವರಾಕ್ಸಬಾನ್ ಪಡೆದವರಿಗಿಂತ ಹಳೆಯ ಬಗೆಯ ಔಷಧ ಪಡೆದವರಲ್ಲಿಯೇ ಸಾವು ಕಡಿಮೆಯೆಂದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನವು ತೋರಿಸಿತು. ಒಬ್ಬನ ಗುಳಿಗೆ ಇನ್ನೊಬ್ಬನಿಗಾಗದು.

ನಾಗಪುರದ ಸರಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾಗಲಿ, ಮಿಹಾನ್‌ನ ಏಮ್ಸ್ ಆಗಲಿ ನಮಗೆ ಬಹು ದೂರವಲ್ಲ. ದೂರವಾಗಿರುವುದು ರಜೆ. ಗಲ್ಲಾದಲ್ಲಿ ಕುಳಿತಿದ್ದ ಕಾಲಕ್ಕೆ ನಾವೂ ಆಸ್ಪತ್ರೆಗೆ ಹೋದ ಸಪ್ಲೈಯರನ ಅರ್ಧ ದಿನದ ಸಂಬಳ ಮುರಿದವರೇ. ಅದನ್ನು ನೆನೆದರೆ ಇಂದು ನಾಚಿಕೆಯಾಗುತ್ತದೆ. ಮುರಿದದ್ದು ಕೆಲವು ರೂಪಾಯಿ. ಅಪಾಯಕ್ಕೊಡ್ಡಿದ್ದು ಒಂದು ಸಂಸಾರವನ್ನು.

ಆದ್ದರಿಂದ ಮಾಲೀಕ ಬಂಧುಗಳಲ್ಲಿ ನಮ್ಮ ವಿನಂತಿ: ಪರೀಕ್ಷೆಯ ದಿನ ಸಂಬಳಸಹಿತ ಅರ್ಧ ದಿನದ ರಜೆ ಕೊಡಿರಿ. ವೈದ್ಯರಲ್ಲಿ ಪ್ರಾರ್ಥನೆ: ಗುಳಿಗೆಯ ಹೆಸರಿನ ಕೆಳಗೆ ಮುಂದಿನ ಪರೀಕ್ಷೆಯ ದಿನಾಂಕವನ್ನೂ ಬರೆಯಿರಿ. ಕೆಲಸಗಾರ ಮಿತ್ರರಿಗೆ ಹೇಳುವುದಿಷ್ಟು: ನಿಂತು ನಿಂತು ಮಂಡಿ ನೋಯಿತೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಬೇಡಿರಿ, ಅದರಿಂದ ರಕ್ತಸ್ರಾವದ ಭಯ ಹೆಚ್ಚುತ್ತದೆ. ಹಳೆಯ ಬಗೆಯ ಗುಳಿಗೆಯವರು ಸೊಪ್ಪು ಬಿಡಬೇಕಿಲ್ಲ. ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಉಂಡರೆ ಸಾಕು. ಮಲ ಕಪ್ಪಾದರೆ, ಒಸಡಿನ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ ಪಾಳಿ ಮುಗಿಯಲೆಂದು ಕಾಯದೆ ಆಸ್ಪತ್ರೆಗೆ ಹೊರಡಿರಿ.