ಅಜ್ಜನ ರೇಡಿಯೋಗೆ ಹೊರಗಿನ ಸ್ಪೀಕರ್

ಮಕ್ಕಳೇ, ಈ ಸಲ ಹಬ್ಬವೂ ಇಲ್ಲ, ಹೋಳಿಗೆಯೂ ಇಲ್ಲ, ರೇಡಿಯೋ ವಿಷಯ. ಛತ್ರಪತಿ ಸಂಭಾಜಿನಗರದ ನಮ್ಮ ಬಳಗದ ಹುಡುಗಿಯೊಬ್ಬಳು ಕೇಳಿದ್ದಾಳೆ: “ಕಾಕೂ, ಅಜ್ಜನ ಶಾರ್ಟ್ ವೇವ್ ರೇಡಿಯೋ ಜೋರು ಮಾಡಿದರೆ ಬರೀ ಗರಗರ. ಹೊರಗಿನ ಸ್ಪೀಕರ್ ಜೋಡಿಸಬಹುದೇ?” ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳಿಗೆ ಓಮ್, ವೋಲ್ಟ್ ಯಾಕೆ ಎಂದು ನಗಬೇಡಿ.

ಜೋಡಿಸಬಹುದು. ಆದರೆ ಗರಗರ ಎಲ್ಲಿಂದ ಬರುತ್ತಿದೆ ಎಂದು ಮೊದಲು ನೋಡಿ. ಶಾರ್ಟ್ ವೇವ್ ಅಲೆ ಆಕಾಶದ ಅಯಾನುಗೋಳಕ್ಕೆ ತಾಗಿ ಮತ್ತೆ ನೆಲಕ್ಕಿಳಿಯುತ್ತದೆ. 1952ರಲ್ಲಿ ಶುರುವಾದ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ರೇಡಿಯೋ ಸಿಲೋನಿನಿಂದ ಸಮುದ್ರ ದಾಟಿ ನಮ್ಮ ಕಡೆಗೆ ಬಂದದ್ದು ಹಾಗೆಯೇ. ದಾರಿಯಲ್ಲಿ ಸೇರಿಕೊಂಡ ಗದ್ದಲವನ್ನು ಯಾವ ಸ್ಪೀಕರೂ ತೊಳೆಯಲಾರದು. ಅದಕ್ಕೆ ಕಿಟಕಿಯಾಚೆ ನಾಲ್ಕೈದು ಮೀಟರ್ ತಂತಿ ಕಟ್ಟಿ ನೋಡಿ. ಮೆಲ್ಲಗಿದ್ದಾಗ ಮಾತು ಸ್ವಚ್ಛ, ಜೋರು ಮಾಡಿದಾಗ ಮಾತ್ರ ಒಡಕು ಎಂದಾದರೆ ಸೆಟ್ಟಿನ ಪುಟ್ಟ ಸ್ಪೀಕರಿಗೆ ಆ ಭಾರ ತಡೆಯುತ್ತಿಲ್ಲ ಎಂದರ್ಥ.

ಆಗ ಕಂಪ್ಯೂಟರಿಗೆ ಹಚ್ಚುವಂಥ, ಒಳಗೇ ಆಂಪ್ಲಿಫೈಯರ್ ಇರುವ ಸ್ಪೀಕರ್ ಸಾಕು. ಅದರ ಪಿನ್ನನ್ನು ರೇಡಿಯೋದ ಇಯರ್‌ಫೋನ್ ತೂತಿಗೆ ಸಿಕ್ಕಿಸಿ. ಸಾಮಾನ್ಯವಾಗಿ ಒಳಗಿನ ಸ್ಪೀಕರ್ ತಾನೇ ಸುಮ್ಮನಾಗುತ್ತದೆ. ರೇಡಿಯೋದ ದನಿ ಕಡಿಮೆ ಇಟ್ಟು ಸ್ಪೀಕರಿನಲ್ಲಿ ಏರಿಸಿ. ಜೋಡಿಯಲ್ಲಿ ಒಂದೇ ಮಾತಾಡಿದರೆ ಹೆದರಬೇಡಿ. ಹಳೆಯ ಸೆಟ್ಟುಗಳು ಮೋನೋ, ನಿಮ್ಮ ಪಿನ್ನು ಸ್ಟೀರಿಯೋ. ನಡುವೆ ಹಾಕುವ ಚಿಕ್ಕ ಅಡಾಪ್ಟರ್ ಪೈಠಣ ಗೇಟ್ ಕಡೆಯ ಅಂಗಡಿಗಳಲ್ಲಿ ಕೇಳಿ ನೋಡಿ. ಆಂಪ್ಲಿಫೈಯರ್ ಇಲ್ಲದ ಬರೀ ಸ್ಪೀಕರ್ ಆದರೆ ಬೆನ್ನ ಮೇಲಿನ ಓಮ್ ಓದಿಕೊಳ್ಳಿ. ಸೆಟ್ಟು ಕೇಳುವುದು 8 ಎಂದಾದರೆ 4 ಹಚ್ಚಬೇಡಿ. ಎರಡು 8ನ್ನು ಪಕ್ಕಪಕ್ಕಕ್ಕೆ, ಎಂದರೆ ಪ್ಯಾರಲಲ್ ಆಗಿ, ಸೇರಿಸಿದರೂ 4 ಆಗಿಬಿಡುತ್ತದೆ!

ಹೊಸ ಸ್ಪೀಕರ್ ಬಂದ ಮೇಲೆ ಗದ್ದಲ ಹೆಚ್ಚಾಯಿತೇ? ಅದರ ಕರೆಂಟಿನ ಅಡಾಪ್ಟರೇ ರೇಡಿಯೋದೊಳಗೆ ಕಿರುಚುತ್ತಿರಬಹುದು. ದೂರ ಸರಿಸಿ, ಇಲ್ಲವೇ ಬ್ಯಾಟರಿಯಲ್ಲಿ ನಡೆಯುವ ಸ್ಪೀಕರ್ ತನ್ನಿ.

ಧಂ ಧಂ ಎನ್ನುವ ದೊಡ್ಡ ಪೆಟ್ಟಿಗೆ ಮಾತ್ರ ಬೇಡ. ಶಾರ್ಟ್ ವೇವ್ ಕೇಂದ್ರಗಳು ಸಾಧಾರಣವಾಗಿ 5 ಕಿಲೋಹರ್ಟ್ಸ್ ಅಂತರದಲ್ಲಿ ಒತ್ತಾಗಿ ಕುಳಿತಿರುತ್ತವೆ. ಅದರಲ್ಲಿ ಬರುವುದು ಮುಖ್ಯವಾಗಿ ಮಾತಿಗೆ ಬೇಕಾದಷ್ಟೇ ಸ್ವರ. ವಯಸ್ಸಾದ ಕಿವಿಗೆ ಮೊದಲು ತಪ್ಪಿಹೋಗುವುದು ತೀಕ್ಷ್ಣ ಧ್ವನಿಗಳು: ಸ, ಶ, ತ. ಬೇಸ್ ಏರಿಸಿದರೆ ಅವು ಇನ್ನೂ ಮುಳುಗುತ್ತವೆ. ಟೇಪ್ ರೆಕಾರ್ಡರ್ ಕಾಲದಲ್ಲಿ ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕೂರಿಸುತ್ತಿದ್ದರು. ಹಾಡಿಗೆ ಅದು ಚೆಂದ, ವಾರ್ತೆಗಲ್ಲ. ಬೇಸ್ ಇಳಿಸಿ, ಟ್ರೆಬಲ್ ಏರಿಸಿ, ಸ್ಪೀಕರನ್ನು ಅಜ್ಜನ ಕಿವಿಯ ಎತ್ತರಕ್ಕೆ, ಕೈಯಳತೆಯಲ್ಲಿಡಿ. ಹತ್ತಿರವಿದ್ದರೆ ಅಷ್ಟು ಜೋರು ಬೇಕಾಗುವುದೇ ಇಲ್ಲ. ಪಕ್ಕದ ಕೋಣೆಯಲ್ಲಿ ನಿಮ್ಮ ಓದೂ ಕೆಡುವುದಿಲ್ಲ.

ಕರೆಂಟಿನ ಹಳೆಯ ವಾಲ್ವ್ ರೇಡಿಯೋ ಆದರೆ ನೀವು ಕೈ ಹಾಕಬೇಡಿ. ಕೆಲವಕ್ಕೆ ಒಳಗಿನ ಲೋಹದ ಚೌಕಟ್ಟಿಗೇ ಕರೆಂಟ್ ಬಂದಿರುತ್ತದೆ. ತಿಳಿದ ಮೆಕ್ಯಾನಿಕ್‌ಗೆ ತೋರಿಸಿ.

“ಫೋನಿನಲ್ಲಿ ‘ನ್ಯೂಸ್ ಆನ್ ಏರ್’ ಹಾಕಿದರೆ ಆಯಿತಲ್ಲ?” ಎಂದು ನಾಸಿಕದ ಒಬ್ಬ ಹುಡುಗ ಹೇಳಿದ. ಹಾಕಿ, ಅದೂ ಇದೇ ಸ್ಪೀಕರಿಗೆ ಬರುತ್ತದೆ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಗದ್ದಲವಿಲ್ಲದೆ ಕೇಳೀತು. ಆದರೆ ಫೋನಿಗೆ ಅಜ್ಜ ಪ್ರತಿ ಸಲ ನಿಮ್ಮನ್ನು ಕರೆಯಬೇಕು. ರೇಡಿಯೋದ ಗುಂಡಿ ಅವರ ಬೆರಳಿಗೆ ಕತ್ತಲಲ್ಲೂ ಗೊತ್ತು. ಅದಕ್ಕೇ ಸೆಟ್ಟನ್ನು ಅವರ ಕೈಗೆ ಸಿಗುವಲ್ಲೇ ಬಿಡಿ. ತಂತಿ ಕಾಲಿಗೆ ತೊಡರದಂತೆ ಗೋಡೆಯಂಚಿಗೆ ಅಂಟಿಸಿ.