ಆಲದ ನೆರಳೂ ದಫ್ತರದ ಸಾಕ್ಷ್ಯವೂ

ರಾಜ್ಯಾಧಿಕಾರವು ಯಾವನನ್ನು ದಂಗೆಕೋರನೆಂದೂ ಲೂಟಿಗಾರನೆಂದೂ ನಿರ್ಣಯಿಸಿ ನೇಣಿಗೇರಿಸಿತೋ, ಅವನ ಸಮಾಧಿಗೇ ಪ್ರಜೆಗಳು ತಲೆಮಾರುಗಳುದ್ದಕ್ಕೂ ಹರಕೆ ಹೊತ್ತು ನಡೆದುಬರುವುದಾದರೆ, ಆ ತೀರ್ಪನ್ನು ಜನಸಮುದಾಯವು ಒಪ್ಪಲಿಲ್ಲವೆಂದೇ ತಿಳಿಯಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಮಲೆಸೆರಗಿನ ನಂದಗಡದಲ್ಲಿರುವ ಸಂಗೊಳ್ಳಿ ರಾಯಣ್ಣನ ಸಮಾಧಿಯು ಅಂಥದೊಂದು ಸ್ಥಳ.

ಬೀದರ ಜಿಲ್ಲೆಯ ಬಗದಲ್ ಸೀಮೆಯ ನಮಗೆ ಸಮಾಧಿದರ್ಶನವು ಹೊಸತಲ್ಲ. ಬೀದರದ ಮೂಡಣದಲ್ಲಿರುವ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನನ್ನು ಕೆಲವರು ವಲಿಯೆಂದೂ ಕೆಲವರು ಅಲ್ಲಮಪ್ರಭುವೆಂದೂ ಭಾವಿಸಿ ಒಂದೇ ಗುಮ್ಮಟದಡಿಯಲ್ಲಿ ಕೈಮುಗಿಯುವುದನ್ನು, ಅವನ ಉರುಸಿಗೆ ಮಾಡಿಯಾಳದ ಜಂಗಮರು ಬರುವುದನ್ನು ನಾವು ಬಲ್ಲೆವು. ಆದರೆ ಅಹಮದ್ ಶಾಹನಿಗೆ ರಾಜ್ಯವಿತ್ತು, ಶಿಲ್ಪಿಗಳಿದ್ದರು, ಗೋಡೆಗೆ ಬಳಿಯಲು ಬಂಗಾರವರ್ಣವಿತ್ತು. ರಾಯಣ್ಣನಿಗಾದರೋ ಒಡನಾಡಿ ಬಿಚ್ಚುಗತ್ತಿ ಚನ್ನಬಸಪ್ಪನು ನೆಟ್ಟನೆಂದು ಜನರು ಹೇಳುವ ಒಂದು ಆಲದ ಸಸಿಯ ಹೊರತು ಮತ್ತೊಂದು ಸ್ಮಾರಕವಿರಲಿಲ್ಲ. ಸಂತಾನಾಪೇಕ್ಷಿಗಳು ಇಂದಿಗೂ ತೊಟ್ಟಿಲು ಕಟ್ಟುವುದು ಆ ಆಲಕ್ಕೇ.

1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ಧಾರವಾಡ ಕಲೆಕ್ಟರ್ ಥ್ಯಾಕರೆಯು ಕಿತ್ತೂರಿನಲ್ಲಿ ಹತನಾದ ಮೇಲೆ, ಡಿಸೆಂಬರಿನಲ್ಲಿ ಕೋಟೆ ಬಿದ್ದು ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು. 1829ರಲ್ಲಿ ಅಲ್ಲಿಯೇ ಕಾಲವಾದಳು. ಸಂಗೊಳ್ಳಿಯ ಶೇತಸನದಿ, ಅಂದರೆ ಸೇವೆಗಾಗಿ ಮಾನ್ಯದ ಭೂಮಿ ಪಡೆದ ಊರ ಕಾವಲುಗಾರ, ರಾಯಣ್ಣನು ಆಕೆಯ ದತ್ತಪುತ್ರ ಶಿವಲಿಂಗಪ್ಪನನ್ನು ಗಾದಿಗೇರಿಸುವ ಸಂಕಲ್ಪದಿಂದ, ಮಾನ್ಯದ ಭೂಮಿ ಕಳೆದುಕೊಂಡು ಕಂದಾಯಕ್ಕೆ ಕುಸಿದ ರೈತರನ್ನು ಕೂಡಿಸಿಕೊಂಡು, ಸರಕಾರಿ ಕಚೇರಿಗಳನ್ನೂ ದಫ್ತರಗಳನ್ನೂ ಸುಟ್ಟನು, ಖಜಾನೆಗಳನ್ನು ದೋಚಿದನು. ಸ್ವಜನರ ದ್ರೋಹದಿಂದಲೇ 1830ರಲ್ಲಿ ಸೆರೆಸಿಕ್ಕು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು.

ಜನರು ಕೈಮುಗಿದ ಮಾತ್ರಕ್ಕೆ ಯಾವನಾದರೂ ವೀರನಾಗುವನೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದುದೇ. 2004ರಲ್ಲಿ ಹತನಾದ ವೀರಪ್ಪನ್‌ನ ಗೋರಿಯನ್ನು ನೋಡಲೂ ಮೆಟ್ಟೂರಿನ ಸಮೀಪಕ್ಕೆ ಜನರು ಹೋಗುತ್ತಾರೆ. ದಂತ ಮತ್ತು ಗಂಧದ ಕಳ್ಳವ್ಯಾಪಾರಕ್ಕಾಗಿ ಬಂದೂಕು ಹಿಡಿದು, ತನ್ನದೇ ಊರಾದ ಗೋಪಿನಾಥಂನ ಜನರ ಹಿತಕ್ಕೆ ದುಡಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸರನ್ನು 1991ರಲ್ಲಿ ಕೊಂದವನಿಗೂ, ರೈತನ ಸಲುವಾಗಿ ದಫ್ತರ ಸುಟ್ಟವನಿಗೂ ಇರುವ ಅಂತರವನ್ನು ಭಕ್ತಿಯೊಂದೇ ತಿಳಿಸಲಾರದು. ಯಾರ ವಿರುದ್ಧ, ಯಾರ ಸಲುವಾಗಿ ಎಂಬ ವಿಚಾರಣೆಯೂ ಬೇಕು.

ಆದಕಾರಣ ನಂದಗಡಕ್ಕೆ ಹೊಸ ಪ್ರತಿಮೆಗಳಿಗಿಂತ ಸಾಕ್ಷ್ಯಗಳು ಅವಶ್ಯಕ. ಕಂಪನಿ ಸರಕಾರವು ಹೊರಿಸಿದ ಆರೋಪಗಳನ್ನು ಕನ್ನಡಿಸಿ ಅಲ್ಲಿಡಲಿ. ಅವುಗಳ ಪಕ್ಕದಲ್ಲಿಯೇ ಲಾವಣಿಕಾರರಿಗೆ ರಾಯಣ್ಣನ ಕಥೆಯನ್ನು ವರ್ಷವಿಡೀ ಹಾಡಲು ಚಾವಡಿಯೊಂದಿರಲಿ. ಆಲದ ಬೇರನ್ನು ಸಿಮೆಂಟಿನಿಂದ ಬಿಗಿಯದಿರಲಿ. ಅಷ್ಟೂರಿನ ಗುಮ್ಮಟಗಳನ್ನು ಕಂಡ ಬೀದರ, ಭಾಲ್ಕಿ, ಔರಾದಿನ ಶಾಲಾಮಕ್ಕಳು ನಾಡಿನ ಆ ತುದಿಯವರೆಗೂ ಹೋಗಿ, ಎರಡೂ ಪಕ್ಷಗಳನ್ನು ಓದಿ ಕೇಳಿ, ತಮ್ಮ ನಿರ್ಣಯವನ್ನು ತಾವೇ ಮಾಡಲಿ. ಹಾಗೆ ಪರೀಕ್ಷಿಸಿಕೊಂಡ ಗೌರವವು ರಾಯಣ್ಣನಿಗೆ ಕಡಮೆಯಾಗದೆಂಬ ದೃಢವಿಶ್ವಾಸ ನನಗಿದೆ.